ಸೇರಿನಲ್ಲಿ ಅಳೆದ ಗಾಳಿ

ನಿಮ್ಮ ಪಿಎಚ್‌ಡಿ ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಸುಮ್ಮನೆ ಮಾತಿಗೆ ಕೇಳಿದವರಾದರೆ ‘ಬೆಂಕಿ, ಗಾಳಿ’ ಎಂದು ಮುಗಿಸುತ್ತೇನೆ. ಹಾಗೆ ಮುಗಿಸಿದ್ದರ ಫಲವಾಗಿ, ಬಳ್ಳಾರಿಯ ಗಾಂಧಿನಗರದ ನಮ್ಮ ಓಣಿಯಲ್ಲಿ ಯಾರ ಮನೆಯ ಗ್ಯಾಸ್ ಒಲೆ ಹಳದಿ ಉರಿದರೂ ನನಗೇ ಕರೆ ಬರುತ್ತದೆ. ಹೋಗಿ, ಬರ್ನರ್ ತೊಳೆಯಿರಿ ಎಂದು ಹೇಳಿ ಬರುತ್ತೇನೆ. ಅದಕ್ಕೆ ಪಿಎಚ್‌ಡಿ ಬೇಕಿಲ್ಲ ಎಂದು ಅವರಿಗೂ ಗೊತ್ತು. ಆದರೂ ಕಾಫಿ ಕೊಡುತ್ತಾರೆ, ನಾನೂ ಕುಡಿಯುತ್ತೇನೆ.

ನಿಜವಾಗಿ ತಿಳಿಯಬೇಕು ಎನ್ನುವವರಿಗೆ ಹೀಗೆ ಹೇಳುತ್ತೇನೆ. ಎರಡು ಗಾಳಿಗಳು ಒಂದರ ಮಗ್ಗುಲಲ್ಲಿ ಇನ್ನೊಂದು, ಒಂದೇ ದಿಕ್ಕಿಗೆ ಹೋಗುತ್ತಿವೆ. ಒಂದು ಜೋರು, ಇನ್ನೊಂದು ನಿಧಾನ. ಅವುಗಳ ನಡುವಿನ ಗಡಿ ನೆಟ್ಟಗೆ ನಿಲ್ಲುವುದಿಲ್ಲ. ಅಲ್ಲಿ ಸುಳಿಗಳು ಏಳುತ್ತವೆ, ಎರಡೂ ಕಡೆಯ ಗಾಳಿಯನ್ನು ಒಳಗೆಳೆದುಕೊಂಡು ಕಲಸುತ್ತವೆ, ಮುಂದೆ ಹೋದಂತೆ ಕಲಸಿದ ಪದರು ದಪ್ಪವಾಗುತ್ತದೆ. ಆ ಪದರು ಸುತ್ತಲಿನ ಗಾಳಿಯನ್ನು ಎಷ್ಟು ಒಳಗೆ ಎಳೆದುಕೊಳ್ಳುತ್ತದೆ, ವೇಗ ಹೆಚ್ಚಾದರೆ ಏನಾಗುತ್ತದೆ, ಅದರೊಳಗೆ ಬೆಂಕಿ ಹತ್ತಿದರೆ ಏನಾಗುತ್ತದೆ, ಇಷ್ಟೇ ನನ್ನ ಪ್ರಶ್ನೆ. ಶಬ್ದಕ್ಕಿಂತ ವೇಗವಾಗಿ ಹೋಗುವ ಎಂಜಿನ್ನಿನಲ್ಲಿ ಇಂಧನಕ್ಕೂ ಗಾಳಿಗೂ ಬೆರೆಯಲು ಸಿಗುವುದು ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲಿ ಬೆರೆಯದಿದ್ದರೆ ಇಂಧನ ಉರಿಯದೆ ಹಿಂದಿನಿಂದ ಹೊರಗೆ ಹೋಗಿಬಿಡುತ್ತದೆ. ಅದಕ್ಕೇ ಈ ಲೆಕ್ಕವೆಲ್ಲ.

ಇದನ್ನು ನನಗೆ ಮೊದಲು ಕಣ್ಣಿಗೆ ಕಾಣುವಂತೆ ತೋರಿಸಿದವರು ನನ್ನ ಗೈಡ್. ಅವರನ್ನು ನಾನು ಸರ್ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಅನ್ನುತ್ತೇನೆ. ಅವರ ಊರು ಸಿರುಗುಪ್ಪ. ನಾನು ಸೇರಿದ ವರ್ಷ ಅಪರೂಪಕ್ಕೆ ಹಗರಿ ಹೊಳೆಗೆ ನೀರು ಬಂದಿತ್ತು. ಅದು ತುಂಗಭದ್ರೆಗೆ ಸೇರುವ ಕಡೆ ನನ್ನನ್ನು ಕರೆದುಕೊಂಡು ಹೋಗಿ ದಂಡೆಯ ಮೇಲೆ ನಿಲ್ಲಿಸಿದರು. ಒಂದು ಕಡೆ ಕೆಂಪು ನೀರು, ಒಂದು ಕಡೆ ಬೂದು ನೀರು, ಬಹಳ ದೂರದವರೆಗೆ ಬೇರೆಬೇರೆಯಾಗಿಯೇ ಹರಿದು, ನಡುವೆ ಮಾತ್ರ ಸುರುಳಿ ಸುರುಳಿ.

‘ನೋಡಮ್ಮ, ಇದ ನಿನ್ನ ಥೀಸಿಸ್’ ಅಂದರು. ‘ಇನ್ನು ಮ್ಯಾಲೆ ನೀ ಮಾಡೂದು ಏನೈತಿ, ಬರೀ ಲೆಕ್ಕ.’

ಆ ಬರೀ ಲೆಕ್ಕ ನನ್ನ ಕೂದಲು ಹಣ್ಣು ಮಾಡಿತು.

ಸರ್ ಚಿಕ್ಕ ವಯಸ್ಸಿನಲ್ಲಿ ದೂರದ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಅಲ್ಲಿ ಇಂಥ ಪದರಿಗೆ ಬೆಂಕಿ ಹಚ್ಚಿ ಫೋಟೋ ತೆಗೆದಿದ್ದರು. ಬೆಂಕಿ ಹತ್ತಿದ ಪದರು ಹತ್ತದ ಪದರಿಗಿಂತ ದಪ್ಪ ಕಾಣುತ್ತಿತ್ತು. ದಪ್ಪ ಅಂದರೆ ಹೆಚ್ಚು ಗಾಳಿ ಒಳಗೆ ಬಂದಿದೆ, ಅಂದರೆ ಶಾಖ ಪದರಿನ ಹಸಿವೆ ಹೆಚ್ಚಿಸುತ್ತದೆ ಎಂದು ಅವರು ಪೇಪರ್ ಬರೆದರು. ಅದನ್ನು ಬಹಳ ಜನ ಓದಿದರು. ಆಮೇಲೆ ಅವರು ಬಳ್ಳಾರಿಗೆ ಬಂದು ಪಾಠ ಮಾಡಿದರು, ಪರೀಕ್ಷೆ ನಡೆಸಿದರು, ಸಮಿತಿಗಳಲ್ಲಿ ಕುಳಿತರು. ಹೊರಗಿನವರು ಅವರ ಹೆಸರು ಹೇಳಿದರೆ ಆ ಪೇಪರಿನಿಂದಲೇ ಹೇಳುತ್ತಿದ್ದರು. ಅವರು ಅದರ ಬಗ್ಗೆ ಜಂಬ ಕೊಚ್ಚಿದ್ದನ್ನು ನಾನು ಕೇಳಿಲ್ಲ. ಆದರೆ ಹೊಸ ವಿದ್ಯಾರ್ಥಿ ಬಂದರೆ ಓದಲು ಮೊದಲು ಕೊಡುತ್ತಿದ್ದುದು ಅದನ್ನೇ.

ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರುಗಳಲ್ಲಿ ಅದೇ ಪದರನ್ನು ಲೆಕ್ಕದಲ್ಲಿ ಕಟ್ಟಬೇಕಿತ್ತು. ವೇಗದ ಭಾಗ ಬೇಗ ಬಗೆಹರಿಯಿತು. ಎರಡು ಗಾಳಿಗಳ ವೇಗದ ಅಂತರ ಶಬ್ದದ ವೇಗದ ಹತ್ತಿರ ಹೋದಂತೆ ಗಾಳಿ ಅದುಮಿಕೊಳ್ಳತೊಡಗುತ್ತದೆ, ಸುಳಿಗಳು ಜಡವಾಗುತ್ತವೆ, ಒಳಗೆಳೆಯುವುದು ಕಡಿಮೆಯಾಗುತ್ತದೆ. ಸರ್ ಇದನ್ನು ಬಸ್‌ಸ್ಟ್ಯಾಂಡಿನ ಮಾತಿನಲ್ಲಿ ಹೇಳಿದ್ದರು: ಓಡುವ ಬಸ್ಸಿನವನನ್ನು ನೀ ಕೂಗಿದಿ ಅನ್ನು, ಕೂಗು ಮುಟ್ಟುವುದರೊಳಗೆ ಬಸ್ಸೇ ದಾಟಿ ಹೋದರೆ ಅವನು ತಿರುಗಿ ನೋಡುವುದೆಲ್ಲಿ ಬಂತು? ಪದರಿನ ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ಸಮಯಕ್ಕೆ ಮುಟ್ಟುವುದಿಲ್ಲ, ಮುಟ್ಟದೆ ಸುಳಿ ಕೂಡುವುದಿಲ್ಲ. ಇದರಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ.

ತೊಡಕಾದದ್ದು ಬೆಂಕಿಯಲ್ಲಿ. ಬೆಂಕಿ ಹಚ್ಚಿದಾಗ ನನ್ನ ಪದರೂ ಒಂದಿಷ್ಟು ದಪ್ಪವಾಯಿತು. ಸರ್ ಹೇಳಿದಂತೆಯೇ ಬಂತು ಎಂದು ನನಗೆ ಖುಷಿ. ಆದರೆ ಪದರಿನ ಅಂಚಿನಲ್ಲಿ ಕುಳಿತು, ಎರಡೂ ಕಡೆಯಿಂದ ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಕೂಡಿಸಿದರೆ ಅದು ಹೆಚ್ಚಾಗುವ ಬದಲು ಕಡಿಮೆಯಾಗುತ್ತಿತ್ತು. ಒಂದೇ ಪದರು, ಎರಡು ಉತ್ತರ. ಒಳಗೆ ಬರುವುದು ಕಡಿಮೆ, ಆದರೂ ದಪ್ಪವಾಗುತ್ತದೆ ಅಂದರೆ ಉಪವಾಸವಿದ್ದು ಮೈ ಬಂದಂತೆ. ಎಲ್ಲೋ ನನ್ನ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದುಕೊಂಡೆ. ಸರ್ ಕೂಡ ಹಾಗೇ ಅಂದರು. ಗುರು ಹೇಳಿದ್ದು ಒಂದು ಕಡೆ, ನನ್ನ ಲೆಕ್ಕ ಒಂದು ಕಡೆ ಇದ್ದರೆ ತಪ್ಪು ಯಾರದು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಇಲ್ಲದ ತಪ್ಪನ್ನು ವರ್ಷಗಟ್ಟಲೆ ಹುಡುಕಿದೆ. ಈಗ ನೆನಸಿಕೊಂಡರೆ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿಯಿತು. ವಿಶ್ವವಿದ್ಯಾಲಯದವರು ಕೊನೆಯ ಸಲ ವಿಸ್ತರಿಸಿ, ಇದರೊಳಗೆ ಆಗದಿದ್ದರೆ ರದ್ದು ಎಂದರು. ಕಾಲೇಜಿನ ಪ್ರಿನ್ಸಿಪಾಲರು ನನ್ನನ್ನು ಕರೆದು ಚಹಾ ತರಿಸಿ, ಪಿಎಚ್‌ಡಿ ಇಲ್ಲದವರನ್ನು ಇನ್ನು ಮುಂದೆ ಇಟ್ಟುಕೊಳ್ಳುವುದು ಕಷ್ಟ ಮೇಡಂ ಎಂದರು. ಚಹಾ ಚೆನ್ನಾಗಿತ್ತು. ಮನೆಗೆ ಬಂದು ಅತ್ತುಬಿಟ್ಟೆ.

ನಮ್ಮವ್ವನದು ಕೌಲ್ ಬಜಾರಿನಲ್ಲಿ ಮಂಡಕ್ಕಿ ಭಟ್ಟಿ. ಸಿರುಗುಪ್ಪದ ಮಿಲ್ಲಿನಿಂದ ಅಕ್ಕಿಯ ಚೀಲ ಬರುತ್ತದೆ, ಉಪ್ಪುನೀರು ಕುಡಿಸಿ, ಕಾದ ಉಸುಕಿನಲ್ಲಿ ಹುರಿದರೆ ಅಕ್ಕಿ ಉಬ್ಬಿ ಮಂಡಕ್ಕಿಯಾಗುತ್ತದೆ. ಉರಿಗೆ ಭತ್ತದ ಹೊಟ್ಟು. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅಳತೆ ಅಂದರೆ ಸೇರು. ಕಬ್ಬಿಣದ ಸೇರನ್ನು ರಾಶಿಯಲ್ಲಿ ಅದ್ದಿ, ಮೇಲೆ ಗೋಪುರ ಕಟ್ಟಿ, ಗಿರಾಕಿಯ ಚೀಲಕ್ಕೆ ಸುರಿಯುವುದು. ಮಂಡಕ್ಕಿಯನ್ನು ತೂಕ ಮಾಡಿ ಮಾರಿದವರನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ತಕ್ಕಡಿಯೇ ಇರಲಿಲ್ಲ.

ಆ ದಿನಗಳಲ್ಲೇ ಗಾಂಧಿನಗರದ ಒಂದು ದೊಡ್ಡ ಅಂಗಡಿಯವರು ಅವ್ವನ ಮಂಡಕ್ಕಿಯನ್ನು ಪೊಟ್ಟಣ ಕಟ್ಟಿ ಇಡುತ್ತೇವೆ, ಆದರೆ ಕಿಲೋ ಲೆಕ್ಕದಲ್ಲಿ ಕೊಡಬೇಕು ಎಂದರು. ಅವ್ವ ಸಂಭ್ರಮದಿಂದ ತೂಕದ ಮಿಷನ್ ಕೊಂಡು ತಂದಳು. ನಾನು ಭಾನುವಾರ ಹೋದಾಗ ಅದರ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಮಿಷನ್ ಮೇಲೆ ಎದೆಮಟ್ಟದ ಮಂಡಕ್ಕಿ ಚೀಲ.

‘ಕೆಟ್ಟ ಮಿಷನ್ ಕೊಟ್ಟು ಕಳ್ಸ್ಯಾನ ಭಾಡ್ಯಾ’ ಅಂದಳು. ‘ಇಷ್ಟು ದೊಡ್ಡ ಚೀಲಕ್ಕ ಇಷ್ಟ ತೋರಸಾಕತ್ತೈತಿ. ನೋಡಿಲ್ಲಿ.’

ಮಿಷನ್ ಸರಿಯಾಗಿದೆ ಎಂದು ತೋರಿಸಲು ನಾನು ಮಂಡಕ್ಕಿ ಚೀಲ ಇಳಿಸಿ, ಸಣ್ಣ ಗಂಟು ಅಕ್ಕಿ ಇಟ್ಟೆ. ಅಂಕಿ ಚೀಲದ್ದನ್ನೂ ಮೀರಿ ಮೇಲೆ ಹೋಯಿತು. ಅವ್ವ ಒಪ್ಪಲಿಲ್ಲ. ‘ಅಕ್ಕಿ ಉಬ್ಬಿದ್ರ ಮಂಡಕ್ಕಿ ಹೆಚ್ಚಾಗಬೇಕಲ್ಲ?’ ಎಂದಳು.

‘ಉಬ್ಬತೈತವ್ವ, ಹೆಚ್ಚಾಗಂಗಿಲ್ಲ. ಒಳಗಿರೂದು ಅಷ್ಟ ಅಕ್ಕಿ’ ಎಂದು ನಕ್ಕೆ.

ನಗು ಬಾಯಲ್ಲಿದ್ದಾಗಲೇ ನನ್ನ ಪದರು ನೆನಪಾಯಿತು. ನಾನು ಪದರಿನ ದಪ್ಪ ಅಳೆದಿದ್ದೆ. ದಪ್ಪ ಅಂದರೆ ಎಷ್ಟು ಜಾಗ ತುಂಬಿದೆ ಎಂಬ ಲೆಕ್ಕ, ಅಂದರೆ ಸೇರು. ಅಂಚಿನಲ್ಲಿ ಕೂಡಿಸಿದ್ದು ಎಷ್ಟು ಗಾಳಿ ಒಳಗೆ ಬಂತು ಎಂಬ ಲೆಕ್ಕ, ಅದು ತೂಕ. ಬೆಂಕಿ ಹತ್ತಿದ ಕಡೆ ಗಾಳಿ ಕಾದು ಉಬ್ಬಿ ಹಗುರವಾಗುತ್ತದೆ. ಉಬ್ಬಿದ್ದರಿಂದ ಪದರು ದಪ್ಪ ಕಾಣುತ್ತದೆ. ಒಳಗಿನಿಂದ ಅದು ಹಿಗ್ಗಿ ಜಾಗ ಹಿಡಿದ ಮೇಲೆ ಹೊರಗಿನ ಗಾಳಿಗೆ ಒಳಗೆ ಬರಲು ಕಾರಣವೇ ಕಡಿಮೆ. ಎರಡು ಉತ್ತರಗಳಿಗೂ ಜಗಳವೇ ಇರಲಿಲ್ಲ. ಹುಟ್ಟಿದಾಗಿನಿಂದ ಸೇರಿನಲ್ಲಿ ಅಳೆದ ಮನೆಯವಳು ನಾನು, ಎಷ್ಟು ಅಂದರೆ ಎಷ್ಟು ಜಾಗ ಎಂದೇ ನನಗೆ ಅರ್ಥ. ಅಷ್ಟು ವರ್ಷ ಗಾಳಿಯನ್ನೂ ಸೇರಿನಲ್ಲೇ ಅಳೆದಿದ್ದೆ.

ಅವ್ವನಿಗೆ ಇದನ್ನು ಹೇಳಿದೆ. ‘ಅದಿರ್ಲಿ, ಅಂಗಡಿಯವನಿಗೆ ಏನಂತ ಹೇಳ್ಲಿ?’ ಎಂದಳು. ಕೊನೆಗೂ ಅವಳು ಆ ಅಂಗಡಿಗೆ ಕೊಡಲಿಲ್ಲ. ಮಿಷನ್ ಈಗಲೂ ಮೂಲೆಯಲ್ಲಿ ಇದೆ, ಮೇಲೆ ಬುಟ್ಟಿ ಇಟ್ಟಿದ್ದಾಳೆ.

ಸರ್ ಆಗಲೇ ನಿವೃತ್ತರಾಗಿ ಕುರುಗೋಡಿನಲ್ಲಿ ಗುಡ್ಡದ ಹತ್ತಿರ ಮನೆ ಕಟ್ಟಿಸಿಕೊಂಡಿದ್ದರು. ನಾನು ಅವರ ಕೊನೆಯ ವಿದ್ಯಾರ್ಥಿ. ನನ್ನ ಗಂಡ ಕುರುಗೋಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಮುಂದಿನ ವಾರ ಅವರ ಜೊತೆಗೇ ಹೋಗಿ, ಸರ್ ಮನೆಯ ಕಟ್ಟೆಯ ಮೇಲೆ ಕುಳಿತು ಹಾಳೆಗಳನ್ನು ಹರಡಿದೆ.

‘ಸರ್, ದಪ್ಪ ನೋಡಿ ನಾನು ಮೋಸ ಹೋಗಿದ್ನಿರಿ’ ಅಂದೆ. ‘ನಾವು’ ಅನ್ನಬೇಕಿತ್ತು. ಆ ಫೋಟೋದ ಪೇಪರ್ ಮಾಡಿದ್ದೂ ಅದನ್ನೇ. ನಾವು ಎನ್ನಲು ನಾಲಿಗೆ ಹೊರಳಲಿಲ್ಲ.

ಸರ್ ಪೂರ್ತಿ ಕೇಳಿದರು. ಮಂಡಕ್ಕಿಯ ಕಥೆಗೆ ಒಮ್ಮೆ ನಕ್ಕರು. ಆಮೇಲೆ ಬಹಳ ಹೊತ್ತು ಹಾಳೆ ನೋಡಿ, ‘ಲೆಕ್ಕ ಮತ್ತೊಮ್ಮೆ ಮಾಡು’ ಎಂದರು. ಮಾಡಿದೆ. ಅದೇ ಬಂತು. ಶಾಖ ಹೆಚ್ಚಾದಷ್ಟೂ ಒಳಗೆ ಬರುವ ಗಾಳಿ ಕಡಿಮೆ, ವೇಗ ಹೆಚ್ಚಾದಷ್ಟೂ ಕಡಿಮೆ, ಎರಡೂ ಕೂಡಿದರೆ ಇನ್ನೂ ಕಡಿಮೆ. ಮತ್ತೆ ಹೋಗಿ ತೋರಿಸಿದೆ. ‘ಆತು, ಬರಿ’ ಎಂದರು. ತಮ್ಮ ಪೇಪರಿನ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ಒಂದು ಪುಟ ನನ್ನ ಎದುರಿಗೆ ಉಳಿಯಿತು. ಥೀಸಿಸ್ಸಿನ ಎರಡನೆಯ ಅಧ್ಯಾಯದಲ್ಲಿ ಹಿಂದಿನವರು ಮಾಡಿದ ಕೆಲಸವನ್ನು ಹೇಳುವುದು ಪದ್ಧತಿ. ಅಲ್ಲಿ ಸರ್ ಅವರ ಪೇಪರಿನ ಬಗ್ಗೆ ಭಕ್ತಿಯಿಂದ ಒಂದು ಪುಟ ಬರೆದಿದ್ದೆ. ಅದನ್ನು ಉಳಿಸಿಕೊಂಡರೆ ಕೆಳಗೆ ‘ಇದು ತಪ್ಪು’ ಎಂದು ಬರೆಯಬೇಕು. ಬರೆದು, ಅದೇ ಹಾಳೆಗಳ ಮೇಲೆ ಅವರ ಸಹಿ ಕೇಳಬೇಕು. ಗುರುವಿಗೇ ತಿರುಮಂತ್ರ ಅನ್ನುತ್ತಾರಲ್ಲ, ಅದೂ ಅವರ ಕಡೆಯಿಂದಲೇ ಸಹಿ ಹಾಕಿಸಿಕೊಂಡು. ಬರೆಯಲು ಕುಳಿತರೆ ಕೈ ಓಡಲಿಲ್ಲ.

ನನ್ನ ಗಂಡ ಬೂಟಿನ ಲೇಸು ಕಟ್ಟುತ್ತಾ, ‘ತಗದಬಿಡು ಅದನ್ನ’ ಎಂದರು. ‘ಇದ್ದರ ಅಲ್ಲ ತಪ್ಪನ್ನೂದು? ಇಲ್ದ ಇದ್ರ ಯಾರಿಗೇನು? ಹಿರೇರಿಗೆ ಮರ್ಯಾದಿ ಕೊಟ್ಟಂಗೂ ಆಕ್ಕೈತಿ.’

ನನಗೂ ಅದೇ ಬೇಕಿತ್ತು. ಪುಟ ತೆಗೆದೆ. ಸಮಾಧಾನವಾಯಿತು. ಹಿರಿಯರ ತಪ್ಪಿನ ಮೇಲೆ ಸೆರಗು ಹೊದಿಸುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಸರ್ ಪೂರ್ತಿ ಥೀಸಿಸ್ ಓದಿ, ಎಲ್ಲೆಲ್ಲೋ ಕಾಮಾ ತಿದ್ದಿ ವಾಪಸು ಕೊಟ್ಟರು. ಕೊಡುವಾಗ, ‘ಎರಡನೇ ಅಧ್ಯಾಯ ಸಣ್ಣದಾಗೈತಲ್ಲ?’ ಎಂದರು.

‘ಹೌದ್ರಿ ಸರ್, ಸ್ವಲ್ಪ ಬಿಗಿ ಮಾಡೀನಿ.’

‘ಹೂಂ’ ಎಂದು ಸಹಿ ಹಾಕಿದರು.

ವೈವಾ ಎಂದರೆ ನಮ್ಮಲ್ಲಿ ಅರ್ಧ ಪರೀಕ್ಷೆ, ಅರ್ಧ ಮನೆಯ ಕಾರ್ಯ. ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು, ಮುಗಿದ ಮೇಲೆ ವಿದ್ಯಾರ್ಥಿಯ ಕಡೆಯಿಂದ ತಿಂಡಿ. ಅವ್ವ ಆಟೋದಲ್ಲಿ ಒಗ್ಗರಣಿ ಮಂಡಕ್ಕಿಯ ದೊಡ್ಡ ಡಬ್ಬಿಗಳನ್ನೂ ಮಿರ್ಚಿಯನ್ನೂ ತಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ನನ್ನ ಗಂಡ ಶಾಲೆಗೆ ರಜೆ ಹಾಕಿದ್ದರು. ಸರ್ ಮೊದಲ ಸಾಲಿನಲ್ಲಿ, ಇಸ್ತ್ರಿಯ ಬಿಳಿ ಅಂಗಿಯಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಆಂಧ್ರದ ಕಡೆಯವರು. ಬಂದ ಕೂಡಲೇ ಸರ್ ಕೈ ಹಿಡಿದು ತೆಲುಗಿನಲ್ಲಿ ಕ್ಷೇಮ ವಿಚಾರಿಸಿದರು, ನಿಮ್ಮ ಪೇಪರ್ ಓದಿಯೇ ಈ ದಾರಿಗೆ ಬಂದೆ ಎಂದರು. ಅದು ನನ್ನ ಕಿವಿಗೂ ಬಿತ್ತು.

ನಾನು ಹೇಳುವುದನ್ನೆಲ್ಲ ಹೇಳಿದೆ. ವೇಗದ ಬಗ್ಗೆ ಕೇಳಿದರು, ಉತ್ತರಿಸಿದೆ. ದಪ್ಪ ಮತ್ತು ತೂಕದ ಬಗ್ಗೆ ಕೇಳಿದರು, ಅದಕ್ಕೂ ಉತ್ತರಿಸಿದೆ. ಆಮೇಲೆ ಅವರು ಥೀಸಿಸ್ ಮುಚ್ಚಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: ಈ ವಿಷಯದಲ್ಲಿ ಎಲ್ಲರೂ ಓದಿರುವ ಒಂದು ಪೇಪರ್ ಇದೆ, ಅದನ್ನು ಬರೆದವರು ಇಲ್ಲೇ ಕುಳಿತಿದ್ದಾರೆ. ನಿಮ್ಮ ಥೀಸಿಸ್ಸಿನಲ್ಲಿ ಅದರ ಸುದ್ದಿಯೇ ಇಲ್ಲ. ಯಾಕೆ?

ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಪ್ರಯೋಗಗಳ ಭಾಗವನ್ನು ಚಿಕ್ಕದು ಮಾಡಬೇಕಾಯಿತು, ಹಾಗೆ ಹೀಗೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಆ ಪೇಪರ್ ನಿಮಗೆ ಗೊತ್ತಿಲ್ಲ ಎಂದಾದರೆ ನಿಮ್ಮ ವಿಷಯವೇ ನಿಮಗೆ ಗೊತ್ತಿಲ್ಲ ಎಂದಾಗುತ್ತದೆ, ನಾನು ಸಹಿ ಮಾಡಲಾರೆ. ಗೊತ್ತಿದ್ದರೆ ಹೇಳಿ, ಅದೂ ನಿಮ್ಮ ಲೆಕ್ಕವೂ ಒಪ್ಪುತ್ತವೆಯೋ ಇಲ್ಲವೋ?

ಒಪ್ಪುವುದಿಲ್ಲ ಎಂದೆ.

ಯಾರದು ಸರಿ?

ಸರ್ ತಮ್ಮ ಚಪ್ಪಲಿ ನೋಡುತ್ತಿದ್ದರು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮಗಳು ಸಿಕ್ಕಿಬಿದ್ದಿದ್ದಾಳೆ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೆಲಸ ಹೋಗುತ್ತದೆ ಎಂಬುದು ತಲೆಗೆ ಬಂತು. ಈ ಮನುಷ್ಯನ ಎದುರಿಗೆ, ಇಷ್ಟು ಜನರ ನಡುವೆ, ಹೇಗೆ ಹೇಳಲಿ ಎಂಬುದೂ ಬಂತು. ನನಗೆ ನಿಜಕ್ಕೂ ಸಾಯುವಷ್ಟು ಸಂಕಟವಾಯಿತು. ಆದರೂ ಬಾಯಿ ತೆರೆದೆ. ಸರ್ ಅಳೆದ ದಪ್ಪ ಸರಿ ಇದೆ, ಅದರಿಂದ ಹೇಳಿದ ಮಾತು ತಪ್ಪು, ಪದರು ಉಬ್ಬಿದೆ, ಹೆಚ್ಚು ಎಳೆದುಕೊಂಡಿಲ್ಲ, ನನ್ನ ಲೆಕ್ಕವೇ ಸರಿ ಎಂದೆ.

ವೈವಾದಲ್ಲಿ ವಿದ್ಯಾರ್ಥಿ ಉತ್ತರಿಸುವಾಗ ಗೈಡ್ ಮಾತಾಡುವಂತಿಲ್ಲ. ಸರ್ ಎದ್ದು ನಿಂತರು.

‘ಅಕಿ ಹೇಳಿದ್ದು ಸರಿ ಐತ್ರಿ’ ಎಂದು ಕನ್ನಡದಲ್ಲೇ ಹೇಳಿ ಕುಳಿತರು.

ಪರೀಕ್ಷಕರು ಸಹಿ ಮಾಡಿದರು. ಮಾಡುವ ಮುಂಚೆ ಒಂದು ಷರತ್ತು ಹಾಕಿದರು: ಇದನ್ನು ಈಗ ಬಾಯಲ್ಲಿ ಹೇಳಿದಂತೆಯೇ ಅಂತಿಮ ಪ್ರತಿಯಲ್ಲಿ ಬರೆಯಬೇಕು. ಎಲ್ಲರೂ ಚಪ್ಪಾಳೆ ಹೊಡೆದರು. ಅವ್ವ ಎಲ್ಲರಿಗಿಂತ ಹೆಚ್ಚು ಹೊತ್ತು ಹೊಡೆದು, ಆಮೇಲೆ ನನ್ನ ಗಂಡನ ಕಡೆ ತಿರುಗಿ ಪಾಸೋ ಫೇಲೋ ಎಂದು ಕೇಳಿದಳಂತೆ.

ಜನ ಕಾಗದದ ತಟ್ಟೆಗಳಲ್ಲಿ ಮಂಡಕ್ಕಿ ತಿನ್ನುತ್ತಿದ್ದಾಗ ಸರ್ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಒಬ್ಬರೇ ಕುಳಿತಿದ್ದರು. ತಟ್ಟೆ ಮೊಣಕಾಲ ಮೇಲೆ ಇತ್ತು, ತಿಂದಿರಲಿಲ್ಲ. ಹೋಗಿ ಕಾಲು ಮುಟ್ಟಿದೆ.

‘ತಪ್ಪಾತ್ರಿ ಸರ್’ ಅಂದೆ. ‘ಎಲ್ಲಾರ ಮುಂದ ಹಂಗ ಅನಬಾರದಿತ್ತು.’

‘ಏನ್ ಅನಬಾರದಿತ್ತು?’

‘ತಮ್ಮ ಪೇಪರ್ ತಪ್ಪಂತ.’

‘ಅದು ತಪ್ಪ ಐತಲ್ಲಮ್ಮ’ ಎಂದರು. ‘ನೀ ಕುರುಗೋಡಿಗೆ ಬಂದು ಲೆಕ್ಕ ತೋರಿಸಿದ ದಿನನ ನನಗ ಗೊತ್ತಾತು. ಆವತ್ತು ನನಗ ಕೆಟ್ಟ ಅನಿಸಲಿಲ್ಲ. ತಪ್ಪು ಹಿಡಿದಾಕಿ ನನ್ನ ವಿದ್ಯಾರ್ಥಿನ ಅಂತ ಖುಷಿನೂ ಆತು.’ ಮಂಡಕ್ಕಿಯಲ್ಲಿ ಬೆರಳಾಡಿಸಿದರು. ‘ಎರಡನೇ ಅಧ್ಯಾಯ ಓದಿದೆ ನೋಡು, ಆವತ್ತು ಅನಿಸ್ತು. ಮುಂದಿಂದು ತಿರುವಿದೆ, ಹಿಂದಿಂದು ತಿರುವಿದೆ. ಎಲ್ಲೂ ಇಲ್ಲ ನಾನು.’

ನಾನು ಮರ್ಯಾದೆ ಕೊಟ್ಟೆ ಎಂದುಕೊಂಡಿದ್ದೆ.

‘ತಪ್ಪಂತ ಬರೆದಿದ್ರೂ ನನ್ನ ಹೆಸರು ಇರ್ತಿತ್ತಲ್ಲಮ್ಮ’ ಎಂದರು ಸರ್.

ಆ ವಾರವೇ ಪುಟವನ್ನು ಬರೆದೆ. ಈ ಸಲ ಭಕ್ತಿ ಹಾಕಲಿಲ್ಲ. ಅವರು ಏನು ಮಾಡಿದರು, ಹೇಗೆ ಅಳೆದರು, ಅಳತೆ ಎಷ್ಟು ಚೊಕ್ಕವಾಗಿತ್ತು, ಅದರಿಂದ ತೆಗೆದ ತೀರ್ಮಾನ ಎಲ್ಲಿ ತಪ್ಪಿತು, ಆ ಅಳತೆ ಇಲ್ಲದಿದ್ದರೆ ನನ್ನ ಲೆಕ್ಕವನ್ನು ಯಾವುದಕ್ಕೆ ಹೋಲಿಸಿ ನೋಡಬಹುದಿತ್ತು, ಎಲ್ಲವನ್ನೂ ಬರೆದು ಕುರುಗೋಡಿಗೆ ತೆಗೆದುಕೊಂಡು ಹೋದೆ.

ಸರ್ ಕನ್ನಡಕ ಹಾಕಿಕೊಂಡು ಓದಿದರು. ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ಒಳಗಿನಿಂದ ಅವರ ಹೆಂಡತಿ ಊಟಕ್ಕೆ ಏಳುತ್ತೀರೋ ಇಲ್ಲವೋ ಎಂದು ಕೇಳಿದಾಗ, ತಡಿ ಎಂದರು. ‘ತಪ್ಪು’ ಎಂದು ಬರೆದಿದ್ದ ಸಾಲಿನ ಹತ್ತಿರ ಅವರ ಬೆರಳು ನಿಂತಿತು.

‘ಇಲ್ಲಿ ನಂದು ಒಂದ ಇನಿಶಿಯಲ್ ಹಾಕಿದಿ’ ಎಂದರು. ‘ಎರಡು ಅದಾವ. ಮೊದಲನೇದು ನಮ್ಮೂರಿಂದು. ಅದನ್ನ ಬಿಡಬ್ಯಾಡ.’